ಕಲ್ಲುಗುಪ್ಪೆಗಾಗಿ ಬಾಗಿದ ದಾರಿ

ಬೆಳಕು ಸರಿಯಾಗಿ ಹರಿಯುವ ಮೊದಲೇ ಗುಡ್ಡದ ಮೇಲಿಂದ ಬೈಗುಳ ಕೇಳಿಸುತ್ತದೆ.

"ಹೊಟ್ಟೆಬಾಕ ಮುಂಡೇದೇ, ನಿನ್ನೆ ತಾನೇ ಕಟ್ಟಿದ್ದೆ ಇದನ್ನ. ನಿಂಗೆ ಬೇರೆ ಕಲ್ಲೇ ಸಿಗಲಿಲ್ವಾ?"

ಬೈಸಿಕೊಳ್ಳುತ್ತಿರುವುದು ಆಚೆ ಬಂಡೆಯ ಮೇಲೆ ಮೈ ಕಾಯಿಸಿಕೊಳ್ಳಲು ಬಿಸಿಲಿಗೆ ಕಾದು ಕೂತಿರುವ ಗಂಡು ಬಬೂನು ಕೋತಿ. ಬೈಯುತ್ತಿರುವವರು ಡೊರ್ತಿಯಾ ಹೋಬೆಸ್. ಕಲ್ಲಿನಡಿಯ ಚೇಳಿಗಾಗಿ ಬಬೂನುಗಳು ಸಂಜೆ ಹೊತ್ತು ದಾರಿಗುರುತಿನ ಗುಪ್ಪೆಗಳನ್ನೆಲ್ಲ ಉರುಳಿಸಿ ಹೋಗುತ್ತವೆ. ಬೆಳಗ್ಗೆ ಇವರು ಅವನ್ನು ಮತ್ತೆ ಕಟ್ಟುತ್ತಾರೆ. ಅಗಲವಾದದ್ದು ಕೆಳಗೆ, ಚಪ್ಪಟೆಯದು ಮೇಲೆ, ಮೊಣಕಾಲಿನಷ್ಟು ಎತ್ತರ. ಕೊನೆಯ ಕಲ್ಲಿಟ್ಟು ಅಂಗೈಯಲ್ಲಿ ಒಮ್ಮೆ ಒತ್ತಿ ನೋಡುತ್ತಾರೆ, ಮಲಗಿದ ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ಅಲುಗದಿದ್ದರೆ ಮುಂದಿನ ಗುಪ್ಪೆಗೆ ನಡೆಯುತ್ತಾರೆ.

ರಾಜಧಾನಿ ವಿಂಡ್‌ಹೋಕ್‌ನ ಪಶ್ಚಿಮಕ್ಕೆ, ಮರಳುಗಾಡಿನ ಕಡೆಗೆ ಇಳಿಯುತ್ತಾ ಹೋಗುವ ಗುಡ್ಡಗಳಲ್ಲಿ ಈ ಉದ್ಯಾನ ಇದೆ. ವಾರದ ಕೊನೆಗೆ ಅರ್ಧ ಊರೇ ಇಲ್ಲಿ ನಡೆಯಲು ಬರುತ್ತದೆ. ನಡೆಯುವವರು ಕುಡು ಜಿಂಕೆಯನ್ನು ನೋಡುತ್ತಾರೆ, ಕಲ್ಲಿನಲ್ಲಿ ಮಿನುಗುವ ಅಭ್ರಕವನ್ನು ನೋಡುತ್ತಾರೆ. ಕಾಲಡಿಯ ದಾರಿಯನ್ನು ಯಾರೂ ನೋಡುವುದಿಲ್ಲ. ಕಾಲು ಜಾರದಿದ್ದರೆ ದಾರಿ ಕಣ್ಣಿಗೆ ಬೀಳುವುದೇ ಇಲ್ಲವಲ್ಲ. ಹದಿನಾರು ವರ್ಷದಿಂದ ಅದನ್ನು ಜಾರದ ಹಾಗೆ ಇಟ್ಟಿರುವವರು ಇವರು. ಮಳೆಗಾಲದಲ್ಲಿ ನೀರು ದಾರಿಯನ್ನೇ ಕೊರೆದುಕೊಂಡು ಹೋಗದಂತೆ ಅಡ್ಡಕಲ್ಲು ಕೂರಿಸುತ್ತಾರೆ. ಬೇಸಿಗೆಯಲ್ಲಿ ಸಡಿಲಗೊಂಡ ಮೆಟ್ಟಿಲು ಬಿಗಿಮಾಡುತ್ತಾರೆ. ವಯಸ್ಸು ಐವತ್ತೇಳು. ಉದ್ಯಾನದ ಎಲ್ಲರಿಗೂ ಇವರು ಔಸಿ, ಅಂದರೆ ಅಕ್ಕ.

ಅದಕ್ಕೂ ಮೊದಲು ಊರಿನೊಳಗೆ ಬೇರೆಯವರ ಮನೆಯ ನೆಲ ಒರೆಸುತ್ತಿದ್ದರಂತೆ. "ಒರೆಸಿದ ನೆಲದ ಮೇಲೆ ಯಾರಾದ್ರೂ ನಡೆದ್ರೆ ಸಿಟ್ಟು ಬರ್ತಿತ್ತು. ಇಲ್ಲಿ ಯಾರೂ ನಡೀದಿದ್ರೆ ಬೇಜಾರಾಗುತ್ತೆ," ಎನ್ನುತ್ತಾ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ, ಎಣ್ಣೆಯಲ್ಲಿ ಕರಿದ ವೆಟ್‌ಕುಕ್ ಮುರಿದು, ತಮ್ಮ ಬಗ್ಗೆ ಬರೆಯಲು ಬಂದ ನನ್ನ ಕೈಗೂ ಅರ್ಧ ಹಾಕುತ್ತಾರೆ. ಬೆರಳ ಗಂಟುಗಳು ಊದಿಕೊಂಡಿವೆ. ನೋವೇ ಎಂದರೆ, "ಚಳೀಲಿ ಮಾತ್ರ. ಕಲ್ಲು ಹಿಡಿದ ಮೇಲೆ ಮರೆತುಹೋಗುತ್ತೆ."

ಇಂದು ಔಸಿಯ ಕೈ ಎಂದಿಗಿಂತ ಅವಸರದಲ್ಲಿದೆ. ಉದ್ಯಾನದ ಮೇಲಧಿಕಾರಿ ಹೈಪಿಂಗೆ ಇನ್ನು ಸ್ವಲ್ಪ ಹೊತ್ತಿಗೆ ಬರುತ್ತಾರೆ. ಈ ದಾರಿಯ ಪಕ್ಕದಲ್ಲಿ ಒಂದು ಹಳೆಯ ಕಲ್ಲುಗುಪ್ಪೆಯಿದೆ. ಅದು ಉಳಿಯಬೇಕೋ ಕೆಡವಬೇಕೋ ಎಂಬುದು ಇವತ್ತು ತೀರ್ಮಾನ.

ಆ ಗುಪ್ಪೆ ದಾರಿಗುರುತಲ್ಲ. ಅದು ಹೈಸೆಬನದು. ಹಳೆಯ ಕತೆಗಳಲ್ಲಿ ಸತ್ತು ಸತ್ತು ಮತ್ತೆ ಹುಟ್ಟಿಬಂದ ಹಿರಿಯನವನು. ಅವನು ಸತ್ತಲ್ಲೆಲ್ಲ ಒಂದು ಗುಪ್ಪೆ. ಔಸಿಯ ಕುಲದವರಾದ ದಮಾರಾ ಜನ ಹಾದುಹೋಗುವಾಗ ಒಂದು ಕಲ್ಲನ್ನೋ ಹಸಿರು ಕಡ್ಡಿಯನ್ನೋ ಇಟ್ಟು, ದಾರಿ ಸುಖವಾಗಿರಲಿ ಎಂದುಕೊಂಡು ನಡೆಯುತ್ತಾರೆ. ಉದ್ಯಾನ ಆಗುವ ಮೊದಲು ಈ ಗುಡ್ಡಗಳಲ್ಲಿ ಅವರದೇ ಆಡುಗಳು ಮೇಯುತ್ತಿದ್ದವು. ಆಮೇಲೆ ಸರ್ಕಾರದವರು ಎಲ್ಲರನ್ನೂ ಎಬ್ಬಿಸಿ ಲಾರಿಯಲ್ಲಿ ದೂರದ ಒಣಸೀಮೆಗೆ ಸಾಗಿಸಿದರು. ಮನೆಗಳು ಉಳಿಯಲಿಲ್ಲ, ದೊಡ್ಡಿಗಳು ಉಳಿಯಲಿಲ್ಲ. ಲಾರಿ ಹತ್ತುವ ದಿನ ಔಸಿಯ ಅಜ್ಜಿ ಇಲ್ಲಿಯವರೆಗೆ ನಡೆದು ಬಂದು ಒಂದು ಬಿಳಿಗಲ್ಲು ಇಟ್ಟು ಹೋದರು. ಅದು ಈಗಲೂ ಅಲ್ಲೇ ಇದೆ, ಮೇಲಿನ ಕಲ್ಲುಗಳ ಸಂದಿಯಲ್ಲಿ ಇಣುಕುತ್ತದೆ.

ತೊಡಕು ಶುರುವಾದದ್ದು ಊರಂಚಿನ ಕಟುಟೂರಾ ಬಡಾವಣೆಯ ಚರ್ಚಿನ ಹೆಂಗಸರಿಂದ. ಶನಿವಾರ ಶನಿವಾರ ಗುಂಪಾಗಿ ನಡೆಯಲು ಬರುವ ಇವರಿಗೆ ಗುಪ್ಪೆ ಕಂಡರೆ ಸುಮ್ಮನೆ ದಾಟಲು ಮನಸ್ಸು ಬರುವುದಿಲ್ಲ. ಔಸಿ ಕಟ್ಟಿದ ದಾರಿಗುರುತುಗಳಿಗೂ ಒಂದೊಂದು ಕಲ್ಲು ಹಾಕುತ್ತಾ ಬಂದರು. ಗುರುತುಗಳು ಬೆಳೆದು ಸೊಂಟದೆತ್ತರ ಆದವು.

"ಇದು ಹೈಸೆಬ್ ಅಲ್ಲ ಕಣ್ರೇ, ನಾನು ಮೊನ್ನೆ ಕಟ್ಟಿದ್ದು," ಎಂದು ಔಸಿ ಗದರಿದರೆ, ಗುಂಪಿನ ಮುಂದಾಳು ಕತ್ರೀನಾ, "ಇರ್ಲಿ ಬಿಡೇ. ನೀನೂ ಒಂದಿನ ಸಾಯೋಳು ತಾನೆ? ಮುಂಗಡ ಅಂದ್ಕೋ," ಎನ್ನುತ್ತಿದ್ದರು.

ಹೀಗೆ ಯಾವುದು ಗುರುತು, ಯಾವುದು ಹೈಸೆಬ್ ಎಂದು ಹೊಸಬರಿಗೆ ತಿಳಿಯದಾಯಿತು. ದಾರಿಯಿಂದ ಒಂದಿಷ್ಟು ಆಚೆ, ಒಣಹಳ್ಳದ ಬಾಯಲ್ಲಿತ್ತು ಹಳೆಯ ಗುಪ್ಪೆ. ಹೋದ ಚಳಿಗಾಲದಲ್ಲಿ ಗಂಡಹೆಂಡತಿ ಇಬ್ಬರು ಅದನ್ನೇ ಗುರುತೆಂದು ನಂಬಿ ಹಳ್ಳಕ್ಕೆ ಇಳಿದರು. ಸಂಜೆ ಸಿಕ್ಕಾಗ ನೀರು ಮುಗಿದು ತುಟಿಗಳು ಒಡೆದಿದ್ದವು. ಹುಡುಕಿ ಕರೆತಂದವರು ಔಸಿಯೇ. ಮರುದಿನ ಹೈಪಿಂಗೆ ಗುಪ್ಪೆ ಕೆಡವಲು ಹೇಳಿದರು.

"ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ," ಎನ್ನುತ್ತಾರೆ ಔಸಿ. "ಆ ಹೆಂಗಸಿನ ಬಾಯಿಗೆ ಹನಿ ಹನಿ ನೀರು ಬಿಟ್ಟೋಳು ನಾನು. ಇನ್ನೊಂದು ಸಲ ಹಾಗಾಗಬಾರದು. ಆದ್ರೆ ಹಾರೆ ತಗೊಂಡು ಹೋದೆ, ಕೈ ಏಳಲಿಲ್ಲ. ವಾಪಸ್ ಬಂದು ಹೇಳಿದೆ, ತಾತೆ, ಕಲ್ಲು ಹಳೇದು, ದಾರಿ ಹೊಸದು. ಸರೀಬೇಕಾದ್ರೆ ಚಿಕ್ಕೋರು ಸರೀಬೇಕು. ದಾರೀನೇ ಸರಿಸ್ತೀನಿ, ಗುಪ್ಪೆ ಪಕ್ಕದಲ್ಲೇ ಹಾದುಹೋಗೋ ಹಾಗೆ. ಆಗ ಅದೂ ಗುರುತೇ ಆಗುತ್ತೆ."

ತಾತೆ ಅಂದರೆ ಅಪ್ಪ, ದೊಡ್ಡವರನ್ನು ಗೌರವದಿಂದ ಕರೆಯುವ ಮಾತು. ಹೈಪಿಂಗೆ ಈ ಚಳಿಗಾಲದವರೆಗೆ ಸಮಯ ಕೊಟ್ಟರು. ದಿನದ ಕೆಲಸ ಮುಗಿಸಿ, ಬಿಸಿಲು ಇಳಿದ ಮೇಲೆ ಔಸಿ ಗುಡ್ಡದ ಓರೆಯನ್ನು ಪಿಕಾಸಿಯಲ್ಲಿ ಕಡಿದರು, ಮೆಟ್ಟಿಲು ಕೂರಿಸಿದರು. ಭಾನುವಾರ ಗಂಡ ಥಿಯೋ ಕೈಗಾಡಿ ತಳ್ಳಿದರು. ಪಾಪ, ಆ ಮನುಷ್ಯನದೂ ಒಂದು ದೂರಿದೆ. "ನಮ್ಮನೆ ಬಾಗಿಲ ಮೆಟ್ಟಿಲು ಮುರಿದು ಎಷ್ಟೋ ಕಾಲ ಆಯ್ತು. ನಾನು ಹಾರ್ಕೊಂಡು ಒಳಗೆ ಹೋಗ್ತೀನಿ. ಇವಳು ಇಲ್ಲಿ ಬಬೂನಿಗೆ ಮೆಟ್ಟಿಲು ಕಟ್ತಾಳೆ."

"ಬಬೂನು ಗೊಣಗಲ್ಲ," ಎನ್ನುತ್ತಾರೆ ಔಸಿ.

ಒಣಹಳ್ಳದ ಬಾಯಿಗೆ ಅವರು ಫಲಕ ನೆಟ್ಟಿಲ್ಲ. ಆಡಿನ ದೊಡ್ಡಿಗೆ ಹಾಕುವ ಹಾಗೆ ಮುಳ್ಳುಕೊಂಬೆಗಳನ್ನು, ತುದಿ ಹೊರಗೆ ಚಾಚಿ, ಒಂದರೊಳಗೊಂದು ಹೆಣೆದು ಮುಚ್ಚಿದ್ದಾರೆ. ಅದನ್ನು ದಾಟುವುದಕ್ಕೆ ಆಡಿಗೂ ಮನಸ್ಸು ಬಾರದು.

ಹೈಪಿಂಗೆ ಬರುತ್ತಾರೆ. ಎತ್ತರದ ಆಳು, ಮಾತು ಕಡಿಮೆ. "ಔಸಿ, ನೀನು ಹಿಂದೆ ಇರು. ಬಾಯಿ ಬಿಡಬೇಡ. ಈ ಗುಡ್ಡ ಎಂದೂ ಕಾಣದವನ ಹಾಗೆ ಗುಪ್ಪೆ ಮಾತ್ರ ನೋಡ್ಕೊಂಡು ನಡೀತೀನಿ. ದಾರಿ ತಪ್ಪಿದ್ರೆ ಹಳೇ ಗುಪ್ಪೆ ಕೆಡವೋದೇ." ಔಸಿ ಏಪ್ರನ್ನಿನ ಜೇಬಿನೊಳಗೆ ಎರಡೂ ಕೈ ತೂರಿಸಿ ಹಿಂದೆ ಹೆಜ್ಜೆ ಹಾಕುತ್ತಾರೆ. ಮೊದಲ ತಿರುವು ಸರಿಯಾಗಿ ದಾಟಿತು. ಎರಡನೆಯದೂ ದಾಟಿತು. ಗುಪ್ಪೆ ಕಂಡಾಗ ಹೈಪಿಂಗೆ ನಿಂತರು. ಬಲಕ್ಕೆ ಒಣಹಳ್ಳ, ಆ ಗಂಡಹೆಂಡತಿ ಇಳಿದ ಕಡೆ. ಅವರು ಆ ಕಡೆಯೇ ಒಂದು ಹೆಜ್ಜೆ ಇಟ್ಟರು. ಹೈಪಿಂಗೆಯವರ ಪ್ಯಾಂಟು ಮುಳ್ಳಿಗೆ ಸಿಕ್ಕಿಕೊಂಡಿತು. ಬಗ್ಗಿ ಬಿಡಿಸಿಕೊಳ್ಳುವಾಗ, ಎಡಕ್ಕೆ ಗುಪ್ಪೆಯನ್ನು ಬಳಸಿ ಹೊರಟ ಮೆಟ್ಟಿಲುಗಳು ಅವರ ಕಣ್ಣಿಗೆ ಬಿದ್ದವು.

"ಪ್ಯಾಂಟಿನ ಲೆಕ್ಕ ಯಾರ ಮೇಲೆ ಬರೀಲಿ?" ಎಂದರು.

"ಹೈಸೆಬನ ಮೇಲೆ ಬರೀರಿ, ತಾತೆ."

ಹೈಪಿಂಗೆ ದಮಾರಾ ಅಲ್ಲ, ಉತ್ತರದ ಕಡೆಯವರು. ಆದರೂ ಯಾರೂ ನೋಡುತ್ತಿಲ್ಲವೇನೋ ಎಂಬಂತೆ ಕಾಲ ಬಳಿಯ ಒಂದು ಸಣ್ಣ ಕಲ್ಲೆತ್ತಿ ಗುಪ್ಪೆಯ ಅಂಚಿನಲ್ಲಿಟ್ಟರು. "ಇದು ಇಲ್ಲೇ ಇರ್ಲಿ," ಎಂದು ಹೇಳಿ ಮೆಟ್ಟಿಲಿಳಿದು ಹೋದರು. ಮೆಟ್ಟಿಲಿನ ಬಗ್ಗೆ ಒಂದು ಮಾತೂ ಇಲ್ಲ. ಕಾಲು ಜಾರಲಿಲ್ಲವಲ್ಲ.

ಕೆಳಗಿನಿಂದ ಹಾಡು ಕೇಳುತ್ತಿದೆ. ಕತ್ರೀನಾರ ಗುಂಪು ಹತ್ತಿ ಬರುತ್ತಿದೆ. ಇನ್ನು ಮುಂದೆ ಕಲ್ಲು ಹಾಕುವುದಾದರೆ ಹೈಸೆಬನಿಗೆ ಮಾತ್ರ, ಗುರುತುಗಳನ್ನು ಮುಟ್ಟಬಾರದು ಎಂದು ಒಪ್ಪಂದವಾಗಿದೆ. ಕತ್ರೀನಾ ಅದನ್ನು ಪಾಲಿಸುತ್ತಾರೆ ಎಂದು ಔಸಿಗೆ ನಂಬಿಕೆಯೇನಿಲ್ಲ. "ಸೋಮವಾರ ಬಂದು ಇಳಿಸ್ತೀನಿ. ಬಬೂನು ಬೀಳಿಸಿದ್ದು ಏರಿಸೋದು, ಇವರು ಏರಿಸಿದ್ದು ಇಳಿಸೋದು. ಕೆಲಸ ಅಂದ್ರೆ ಅದೇ ಅಲ್ವಾ?"

ಇನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಮನೆ ಮೆಟ್ಟಿಲು ಸರಿಮಾಡಬೇಕು ಎಂದು ನಗುತ್ತಾರೆ. ಆಮೇಲೆ ಗುಪ್ಪೆಯ ಸಂದಿಗೆ ಬೆರಳು ಹಾಕಿ, ಬಿಳಿಗಲ್ಲಿನ ಮೇಲೆ ಕೂತ ಧೂಳನ್ನು ಒರೆಸುತ್ತಾರೆ.

"ಅಜ್ಜಿ ಹೋಗೋವಾಗ ಕಲ್ಲು ಇಟ್ಟು ಹೋದ್ಲು, ಮಗಳೇ. ಬರೋಕೆ ದಾರಿ ನಾನು ಹಾಕಿದೆ. ಅಷ್ಟೇ."