ಮೇಲ್ಮನೆ ಅಣ್ಣನ ಒಂದೇ ದಬರಿ ಊಟ

ಹೋದ ಭಾನುವಾರ ನಮ್ಮ ಯಜಮಾನರು ಸೂಪರ್ ಮಾರ್ಕೆಟ್ಟಿನಿಂದ ಒಂದು ಡಬ್ಬಿ ಸೀಗಡಿ ತಂದರು. ಮುಚ್ಚಳ ತೆಗೆದದ್ದೇ ತಡ, ಐಸು ಕರಗಿದ ನೀರಿನ ಜೊತೆ ಆ ವಾಸನೆ ಮುಖಕ್ಕೆ ಬಂತು. ಕೆಟ್ಟ ವಾಸನೆಯೇನಲ್ಲ. ಉಪ್ಪು, ಪಾಚಿ, ಒದ್ದೆ ಹಗ್ಗ ಎಲ್ಲ ಕಲೆತ ಹಾಗೆ... ಒಮ್ಮೆ ಮೂಸಿದೆ. ಸಾಲದು ಅಂತ ಇನ್ನೊಮ್ಮೆ ಮೂಸಿದೆ. ಆಮೇಲೆ ಡಬ್ಬಿ ಕೆಳಗಿಟ್ಟು ಸುಮ್ಮನೆ ನಿಂತುಬಿಟ್ಟೆ. ನಾಲ್ಕೈದು ವರ್ಷದ ಹಿಂದಿನ ಮೇಲ್ಮನೆ ಅಣ್ಣ ಕಣ್ಣಮುಂದೆ ಬಂದಿದ್ದರು.

ಆಗ ನಾನು, ಯಜಮಾನರು, ಮಗಳು ದೇವನಹಳ್ಳಿಯ ಹಳೇ ಪೇಟೆಯಲ್ಲಿ ಬಾಡಿಗೆಗಿದ್ದೆವು. ನಾನು ನರ್ಸರಿ ಸ್ಕೂಲಿನಲ್ಲಿ ಟೀಚರು, ಯಜಮಾನರದು ಏರ್‌ಪೋರ್ಟ್ ಕ್ಯಾಬು. ಪಕ್ಕದ ಮನೆಯಲ್ಲಿ ಓನರ್ ಅಜ್ಜಿ ಒಬ್ಬರೇ. ಟೆರೇಸಿನ ಮೇಲಿನ ಒಂಟಿ ರೂಮಿನಲ್ಲಿ ಈ ಅಣ್ಣ. ಊರು ಉಡುಪಿ ಕಡೆ. ಹೆಂಡತಿ, ಮಕ್ಕಳೆಲ್ಲ ಅಲ್ಲೇ. ಇಲ್ಲಿ ಏರ್‌ಪೋರ್ಟಿನ ಹತ್ತಿರದ ದೊಡ್ಡ ಹೋಟೆಲಿನಲ್ಲಿ ಅಡಿಗೆ ಕೆಲಸ. ನಮಗೆಲ್ಲ ಅವರು ಮೇಲ್ಮನೆ ಅಣ್ಣ. ಅವರಿಗೆ ನಾನು ಟೀಚರ್.

ರಜೆ ಸಿಕ್ಕ ಭಾನುವಾರ ಟೆರೇಸಿನ ಮೇಲೆ ಮೂರು ಸೈಜುಗಲ್ಲು ಇಟ್ಟು ಸೌದೆ ಹಚ್ಚಿ ದೊಡ್ಡ ದಬರಿ ಏರಿಸುತ್ತಿದ್ದರು. ನೀರಿಗೆ ಉಪ್ಪು, ಅರಿಶಿನ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಹುಣಸೆಹುಳಿ. ಕುದಿ ಬಂದ ಮೇಲೆ ಮೊದಲು ಆಲೂಗಡ್ಡೆ, ಆಮೇಲೆ ನಂದಗುಡಿಯ ನನ್ನ ಸ್ವಂತ ಅಣ್ಣನ ಹೊಲದಿಂದ ಬಂದ ಮುಸುಕಿನ ಜೋಳ ಮುರಿದು ಹಾಕೋದು, ಆಮೇಲೆ ಏಡಿ, ಎಲ್ಲಕ್ಕಿಂತ ಕೊನೆಗೆ ಸೀಗಡಿ. ನೀರು ಬಸಿದು, ಬ್ಯಾಡಗಿ ಮೆಣಸಿನಕಾಯಿ ಅರೆದ ಮಸಾಲೆಯನ್ನು ಬೆಣ್ಣೆಯಲ್ಲಿ ಬಾಡಿಸಿ ಮೇಲೆ ಸುರಿದು, ನೆಲಕ್ಕೆ ಹಾಸಿದ ಬಾಳೆಲೆಗಳ ಮೇಲೆ ದಬರಿಯನ್ನೇ ಬಗ್ಗಿಸಿಬಿಡುತ್ತಿದ್ದರು. ತಟ್ಟೆ ಇಲ್ಲ, ಚಮಚ ಇಲ್ಲ. ಸುತ್ತ ಕೂತು ಕೈ ಹಾಕೋದು, ಅಷ್ಟೇ. ಕೆರೆ ಮೀನು ಬಿಟ್ಟರೆ ಬೇರೆ ಮೀನು ಗೊತ್ತಿಲ್ಲದ ಅಜ್ಜಿ ಏಡಿಕಾಲು ಚೀಪುತ್ತಾ, "ಏನಪ್ಪಾ ಇದು, ಕೈಯೆಲ್ಲಾ ಕುಯ್ದಾಕ್ತದೆ, ಬಿಡಕ್ಕೂ ಮನಸ್ಸು ಬರಾಕಿಲ್ಲ" ಅನ್ನುತ್ತಿದ್ದರು.

ದಬರಿ ಇಡುವ ದಿನ ಅಣ್ಣ ಕತ್ತಲಿರುವಾಗಲೇ ಎದ್ದು ಸಿಟಿ ಮಾರ್ಕೆಟ್ಟಿಗೆ ಹೋಗಿ ತಾವೇ ಆರಿಸಿ ತರುತ್ತಿದ್ದರು. ಬಂದ ಮೇಲೂ ಒಂದೊಂದು ಏಡಿಯನ್ನೂ ಎತ್ತಿ ಹೊಟ್ಟೆಯ ಕಡೆ ಮೂಗಿಡೋರು. ಸ್ವಲ್ಪ ಅನುಮಾನ ಬಂದರೂ ಎಸೆಯೋದೇ. "ಕಣ್ಣಿಗೆ ಗೊತ್ತಾಗುದಿಲ್ಲ ಟೀಚರ್, ಇದೆಲ್ಲ ಮೂಗಿನ ಕೆಲಸ" ಅನ್ನೋರು.

ಕೊರೊನಾದ ಎರಡನೇ ಅಲೆಯಲ್ಲಿ ಅವರಿಗೂ ಬಂತು. ಹದಿನೈದು ದಿನ ಬಾಗಿಲ ಹೊರಗೆ ಗಂಜಿ ಇಟ್ಟು ಬರುತ್ತಿದ್ದೆ. ವಾಸಿಯಾದರು. ಆದರೆ ಹೋಟೆಲಿನವರು, ಗಿರಾಕಿಗಳಿಲ್ಲ, ಮತ್ತೆ ಕರೆಯುತ್ತೇವೆ ಅಂತ ಹೇಳಿ ಮನೆಗೆ ಕಳಿಸಿದ್ದರು. ತಿಂಗಳುಗಳು ಕಳೆದವು. ಒಂದು ದಿನ ಬಟ್ಟೆ ಒಣಗಿಸಲು ಮೇಲೆ ಹೋದರೆ ಅವರ ರೂಮಿನಿಂದ ಹೊಗೆ. ಓಡಿ ಹೋಗಿ ನೋಡಿದೆ. ಹಾಲು ಸೀದು ಪಾತ್ರೆ ಕಪ್ಪಾಗಿದೆ. ಅವರು ಒಲೆಗೆ ಬೆನ್ನು ಹಾಕಿ, ಮೂರಡಿ ದೂರದಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದಾರೆ!

"ಅಣ್ಣಾ, ವಾಸನೆ ಬರ್ಲಿಲ್ವಾ?"

ಒಲೆ ಆರಿಸಿದರು. ಸೀದ ಪಾತ್ರೆಯನ್ನು ಕೆಳಗಿಳಿಸಿ ನೀರು ಹಾಕಿದರು. ಆಮೇಲೆ ತಲೆ ತಗ್ಗಿಸಿ, "ಮೂಗು ಹೋಗಿದೆ ಟೀಚರ್. ಜ್ವರ ಬಂದಾಗ ಹೋದದ್ದು, ಬರಲೇ ಇಲ್ಲ. ಮಲ್ಲಿಗೆಯೂ ಒಂದೇ, ಮಣ್ಣೂ ಒಂದೇ. ಯಾರಿಗೂ ಹೇಳ್ಬೇಡಿ. ಅಡಿಗೆಯವನಿಗೆ ಮೂಗಿಲ್ಲ ಅಂತ ಗೊತ್ತಾದ್ರೆ ಯಾರು ಕರೀತಾರೆ?" ಅಂದರು.

ನಾನು ಯಾರಿಗೂ ಹೇಳಲಿಲ್ಲ. ಯಜಮಾನರಿಗೂ ಹೇಳಲಿಲ್ಲ.

ಅದಾಗಿ ಕೆಲವು ವಾರಕ್ಕೆ ಹೋಟೆಲಿನಿಂದ ಫೋನು ಬಂತು. ಬುಧವಾರ ಬಂದು ನಾಲ್ಕು ಐಟಂ ಮಾಡಿ ತೋರಿಸಬೇಕು, ಸರಿಯಾದರೆ ಕೆಲಸ ವಾಪಸ್. ಅಣ್ಣ ನಮ್ಮ ಬಾಗಿಲಿಗೆ ಬಂದು ನಿಂತರು. "ಟೀಚರ್, ಈ ಭಾನುವಾರ ದಬರಿ ಇಡ್ತೇನೆ. ಕೈ ಇನ್ನೂ ಉಂಟಾ ಇಲ್ವಾ ಅಂತ ನನಗೆ ನೋಡ್ಬೇಕು. ನೀವು ನನಗೆ ಮೂಗಾಗ್ತೀರಾ?"

ಅವರು ನಗುತ್ತಲೇ ಕೇಳಿದ್ದು. ನಾನೂ ನಗುತ್ತಲೇ ಹೂಂ ಅಂದೆ.

ಆ ಸಲ ಅವರು ಮಾರ್ಕೆಟ್ಟಿಗೆ ಹೋಗಲಿಲ್ಲ. ಹೋದರೂ ಏನು ಆರಿಸೋದು ಅನ್ನಿಸಿರಬೇಕು. ಹೈವೇ ಪಕ್ಕ ಬೈಕಿನ ಮೇಲೆ ಡಬ್ಬ ಇಟ್ಟುಕೊಂಡು ಮಾರುವವನ ಹತ್ತಿರ ತಂದಿದ್ದರು. ಟೆರೇಸಿನ ಮೇಲೆ ಕೂತು ನಾನು ಒಂದೊಂದೇ ಏಡಿ ಮೂಸಿದೆ. ಎರಡನ್ನು ತೆಗೆದಿಟ್ಟೆ, ಅವರು ಮರುಮಾತಾಡದೆ ಎಸೆದರು. ಆಮೇಲೆ ಸೀಗಡಿಯ ಬುಟ್ಟಿ. ಮೂಗಿಟ್ಟೆ... ಏನೋ ಒಂದು ಘಾಟು, ಮಕ್ಕಳು ಉಚ್ಚೆ ಹೊಯ್ದ ಹಾಸಿಗೆಯಲ್ಲಿ ಬರುವಂಥದ್ದು, ತೀರಾ ಸಣ್ಣಗೆ. ಸಮುದ್ರದ್ದು ಹೀಗೇ ಇರುತ್ತೇನೋ ಅಂದುಕೊಂಡೆ. ತಲೆಯೆತ್ತಿದರೆ ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದರು, ರಿಸಲ್ಟ್ ಕೇಳೋಕೆ ನಿಂತ ಮಗುವಿನ ಹಾಗೆ. ಆಗಲೇ ನೀರು ಕುದಿಯುತ್ತಿತ್ತು. ಅಜ್ಜಿ ಬಾಳೆಲೆ ಒರೆಸುತ್ತಾ ಕೂತಿದ್ದರು. ಸೀಗಡಿ ಇಲ್ಲ ಅಂದರೆ ಅಣ್ಣನ ಮುಖ ಬಾಡುವುದನ್ನು ನೋಡುವ ಧೈರ್ಯ ನನಗೆ ಬರಲಿಲ್ಲ.

"ಚೆನ್ನಾಗಿದೆ ಅಣ್ಣ" ಅಂದುಬಿಟ್ಟೆ.

ರುಚಿಯೇನೋ ಹಿಂದಿನ ಹಾಗೇ ಇತ್ತು. ಮಸಾಲೆ ಎಲ್ಲವನ್ನೂ ಮುಚ್ಚಿಹಾಕಿತ್ತು. ಎಲ್ಲರೂ ಹೊಗಳಿದರು, ಅಣ್ಣನ ಕಣ್ಣು ತುಂಬಿತು. ಸಂಜೆ ಆರಕ್ಕೆ ನನ್ನ ಮಗಳಿಗೆ ವಾಂತಿ ಶುರುವಾಯಿತು. ಆಗ ಅವಳಿಗೆ ಹನ್ನೆರಡು. ಸ್ವಲ್ಪ ಹೊತ್ತಿಗೆ ಯಜಮಾನರಿಗೆ, ನನಗೆ, ಆಮೇಲೆ ಅಜ್ಜಿಗೆ. ಅಣ್ಣ ಆಟೋ ಹಿಡಿದು ಎಲ್ಲರನ್ನೂ ಆಸ್ಪತ್ರೆಗೆ ಸೇರಿಸಿದರು. ಬಡಿಸುವ ಗಡಿಬಿಡಿಯಲ್ಲಿ ಅವರು ತಿಂದದ್ದೇ ಕಡಿಮೆ. ನಾವು ಮೂವರೂ ಮಾರನೇ ದಿನ ಮನೆಗೆ ಬಂದೆವು. ಅಜ್ಜಿ ಐದು ದಿನ ಐಸಿಯುನಲ್ಲಿದ್ದರು. ಬದುಕಿದರು, ಆದರೆ ಆಮೇಲೆ ಗೋಡೆ ಹಿಡಿಯದೆ ನಡೆಯಲಿಲ್ಲ.

ಅಜ್ಜಿಯ ಮಗ ಯಲಹಂಕದಿಂದ ಬಂದು ನಮ್ಮೆಲ್ಲರ ಎದುರಿಗೇ ಅಣ್ಣನ ಮೇಲೆ ಕೂಗಾಡಿದ. "ಹೋಟ್ಲಲ್ಲಿ ಅಡಿಗೆ ಮಾಡೋನು ನೀನು, ಕೊಳೆತಿದ್ದು ಗೊತ್ತಾಗಲ್ವಾ? ಮೂಗಿಲ್ವಾ ನಿಂಗೆ?"

ಅಣ್ಣ ನೆಲ ನೋಡುತ್ತಾ ನಿಂತಿದ್ದರು. ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ಅವರು ನೋಡಿದ್ದರೆ ಬಾಯಿಬಿಡುತ್ತಿದ್ದೆನೋ ಏನೋ... ನೋಡಲಿಲ್ಲ. ನಾನು ಮಗಳನ್ನು ತಬ್ಬಿಕೊಂಡು ನಿಂತಿದ್ದೆ. ಪಕ್ಕದಲ್ಲಿ ಯಜಮಾನರು, "ನಂಬಿ ತಿಂದ್ವಲ್ಲ ಗುರು" ಅಂದರು.

ಬುಧವಾರ ಅವರು ಹೋಟೆಲಿಗೆ ಹೋಗಲಿಲ್ಲ. "ಹೋಗಿ ಅಣ್ಣ, ಅದೇ ಬೇರೆ, ಇದೇ ಬೇರೆ" ಅಂದೆ. "ಇಲ್ಲ ಟೀಚರ್, ಅಲ್ಲಿ ದಿನಕ್ಕೆ ಎಷ್ಟೋ ಜನ ತಿಂತಾರೆ" ಅಂದರು.

ಆ ಶನಿವಾರವೇ ರೂಮು ಖಾಲಿ ಮಾಡಿದರು. ಎರಡು ಬ್ಯಾಗು, ಒಂದು ಚಾಕುಗಳ ಕಟ್ಟು. ಯಜಮಾನರು ಡ್ಯೂಟಿಗೆ ಹೋಗಿದ್ದರು. ಮೆಟ್ಟಿಲ ಹತ್ತಿರ ನಾನೊಬ್ಬಳೇ. ಏನೋ ಹೇಳಲು ಬಾಯಿ ತೆಗೆದೆ, ಅಳು ಬಂತು.

ಅವರೇ ಹೇಳಿದರು: "ಆ ದಿನ ನೀವು ಒಂದು ಕ್ಷಣ ತಡೆದದ್ದು ನಾನು ನೋಡಿದ್ದೆ ಟೀಚರ್. ನನಗೆ ಗೊತ್ತಾಯ್ತು. ಗೊತ್ತಾಗಿಯೂ ಹಾಕಿದೆ. ಒಂದು ಸಲ ಸರಿಯಾಗಿ ಮಾಡ್ಬೇಕು ಅಂತ ಆಸೆ ಇತ್ತಲ್ಲ... ನೀವು ಮನಸ್ಸಿಗೆ ಹಚ್ಕೊಳ್ಬೇಡಿ."

ಬ್ಯಾಗು ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಆ ಮಾತು ಕೇಳಿ ನನಗೆ ಸಮಾಧಾನವಾಯಿತು ಅನ್ನೋದೇ ಇವತ್ತಿಗೂ ನನಗೆ ನಾಚಿಕೆ. ಅವರು ಬೀದಿ ತಿರುಗುವ ಮುಂಚೆಯೇ ನಾನು ಒಳಗೆ ಬಂದಿದ್ದೆ.

ಆಮೇಲೆ ಎರಡು ಸಲ ಫೋನು ಮಾಡಿದೆ. ಮೊದಲ ಸಲ ರಿಂಗಾಯಿತು, ಎತ್ತಲಿಲ್ಲ. ವರ್ಷದ ನಂತರ ಮಾಡಿದಾಗ ನಂಬರ್ ಚಾಲ್ತಿಯಲ್ಲಿಲ್ಲ ಅಂತ ಬಂತು. ನಾವೂ ಆ ಮನೆ ಬಿಟ್ಟೆವು. ಅಜ್ಜಿ ಹೋದ ವರ್ಷ ತೀರಿಕೊಂಡರು. ನೋಡಲು ಹೋದಾಗಲೆಲ್ಲ "ಆ ಅಡಿಗೆಯೋನು ನನ್ ಕಾಲು ತಿಂದ್ಬುಟ್ಟ ಕಣವ್ವ" ಅನ್ನುತ್ತಿದ್ದರು. ನಾನು ಅವರ ಕಾಲು ಒತ್ತುತ್ತಾ ಕೇಳಿಸಿಕೊಳ್ಳುತ್ತಿದ್ದೆ.

ಹೋದ ಭಾನುವಾರ ಆ ಡಬ್ಬಿಯ ಮುಂದೆ ನಾನು ನಿಂತಿದ್ದಾಗ ಮಗಳು ಅಡಿಗೆಮನೆಗೆ ಬಂದು, "ಅಮ್ಮಾ, ನೋಡಿ ಮಾಡು. ಆ ಮೇಲ್ಮನೆ ಅಂಕಲ್ ಥರ ನಮ್ಮನ್ನ ಆಸ್ಪತ್ರೆಗೆ ಕಳಿಸ್ಬೇಡ" ಅಂತ ನಕ್ಕಳು. ಅವಳಿಗೆ ಆ ಮನುಷ್ಯ ಅಂದರೆ ಅಷ್ಟೇ. ಜೋಳ ಬಿಡಿಸಿ ತಿನ್ನಿಸಿದ್ದು, ಏಡಿ ಒಡೆಯೋದು ಕಲಿಸಿದ್ದು ಒಂದನ್ನೂ ಅವಳು ನೆನೆಯೋದಿಲ್ಲ.

"ಆವತ್ತು ಮೂಸಿ ನೋಡಿ ಚೆನ್ನಾಗಿದೆ ಅಂದಿದ್ದು ನಾನು ಕಣೇ" ಅಂದೆ. ಕೂತು ಎಲ್ಲಾ ಹೇಳಿದೆ.

ಅವಳು ಸೀಗಡಿ ಡಬ್ಬಿಯ ಮುಚ್ಚಳ ಹಾಕಿದಳು. ಆಮೇಲೆ, "ಅಪ್ಪಂಗೆ ಗೊತ್ತಾ?" ಅಂದಳು. ಇಲ್ಲ ಅಂದೆ. "ಅಜ್ಜಿಗೆ?" ಇಲ್ಲ.

"ಮತ್ತೆ ಈಗ ನಂಗ್ಯಾಕಮ್ಮಾ ಹೇಳಿದೆ?"

ಹೇಳಬೇಕಾದವರಲ್ಲಿ ಒಬ್ಬರು ತೀರಿಕೊಂಡರು, ಇನ್ನೊಬ್ಬರು ಎಲ್ಲಿದ್ದಾರೋ ಗೊತ್ತಿಲ್ಲ. ಯಜಮಾನರಿಗೆ ಹೇಳುವ ಧೈರ್ಯ ಇವತ್ತಿಗೂ ಇಲ್ಲ. ಉಳಿದಿದ್ದು ನನ್ನ ಮಗಳು. ಅವಳು ಎದ್ದು ಹಾಲ್‌ಗೆ ಹೋಗಿ ಅಪ್ಪನ ಪಕ್ಕ ಕೂತಳು. ಅವತ್ತಿಂದ ನನ್ನ ಜೊತೆ ಬೇಕಾದಷ್ಟೇ ಮಾತು.