ತುಟಿಯ ಮೇಲೆ ಅಕ್ಕಿ

ವರ್ಷಕ್ಕೊಂದು ಸಲವಾದರೂ ನನ್ನ ಕೆಳತುಟಿಯ ಅಂಚಿಗೆ ಗುಳ್ಳೆ ಏಳುತ್ತಿತ್ತು. ಜ್ವರ ಬಂದರೆ, ಬಿಸಿಲಿಗೆ ಹೋದರೆ, ನಿದ್ದೆಗೆಟ್ಟರೆ ಸಾಕು, ಮೊದಲು ಆ ಜಾಗ ಚುರುಚುರು ಎನ್ನುತ್ತಿತ್ತು. ಮಾರನೆಯ ದಿನ ನೀರು ತುಂಬಿದ ಸಣ್ಣ ಗುಳ್ಳೆಗಳು ಒತ್ತಾಗಿ ಕೂತಿರುತ್ತಿದ್ದವು. ನಮ್ಮ ಕ್ಯಾಸಂಬಳ್ಳಿ ಕಡೆ ಅದಕ್ಕೆ ಜ್ವರದ ಗುಳ್ಳೆ ಎನ್ನುತ್ತಿದ್ದರು. ಅಮ್ಮನಿಗೂ ಬರುತ್ತಿತ್ತು. ಅವಳು ತನ್ನದಕ್ಕೂ ನನ್ನದಕ್ಕೂ ಎಲೆಯಡಿಕೆಯ ಸುಣ್ಣ ಹಚ್ಚುತ್ತಿದ್ದಳು. ಗುಳ್ಳೆಯ ನೋವಿಗಿಂತ ಸುಣ್ಣದ ಉರಿಯೇ ಹೆಚ್ಚಾಗಿ ನಾನು ಕಿರುಚಾಡುತ್ತಿದ್ದೆ.

ಅರವತ್ತರ ದಶಕದ ಶುರುವಿನಲ್ಲಿ ನನಗೆ ಮೊದಲ ಮಗಳು ಹುಟ್ಟಿದಾಗ ನಾವು ಉರಿಗಾಂನಲ್ಲಿ ಗಣಿ ಕೆಲಸಗಾರರ ಲೈನ್ ಮನೆಯಲ್ಲಿದ್ದೆವು. ನಮ್ಮ ಮನೆಯವರು ಮೈಸೂರು ಮೈನ್ಸ್‌ನಲ್ಲಿ ಚಿನ್ನದ ಗಣಿಯೊಳಗಿನ ಕೆಲಸಕ್ಕೆ ಇಳಿಯುತ್ತಿದ್ದರು. ಆಸ್ಪತ್ರೆ ಹತ್ತಿರ ಎಂದು ಹೆರಿಗೆ ಅಲ್ಲೇ ಆಯಿತು, ಬಾಣಂತನಕ್ಕೆ ಅಮ್ಮನೇ ಊರಿನಿಂದ ಬಂದಳು. ಮದುವೆಯಾಗಿ ಬಹಳ ಕಾಲ ಕಾದು ಪಡೆದ ಮಗು. ನನಗೆ ಅವಳನ್ನು ಕೆಳಗಿಳಿಸಲೂ ಮನಸ್ಸಿರಲಿಲ್ಲ, ಬೇರೆಯವರು ಎತ್ತಿಕೊಂಡರೆ ಸಿಟ್ಟು ಬರುತ್ತಿತ್ತು.

ಅಷ್ಟರಲ್ಲಿ ಎದೆಹಾಲು ಕಟ್ಟಿ ಜ್ವರ ಬಂತು. ಜ್ವರದ ಹಿಂದೆಯೇ ತುಟಿ ಚುರುಗುಟ್ಟಿತು.

ಪಕ್ಕದ ಮನೆಯ ತಮಿಳು ಅಕ್ಕ ಮಗು ನೋಡಲು ಬಂದವಳು ನನ್ನ ಮುಖ ನೋಡಿ ಕೆನ್ನೆಗೆ ಕೈ ಇಟ್ಟುಕೊಂಡಳು. "ಅಯ್ಯೋ, ಅಕ್ಕಿ ವಂದಿರುಕ್ಕು!"

ಒಳಗೆ ಮೆಣಸು ಕುಟ್ಟುತ್ತಿದ್ದ ಅಮ್ಮನ ಕಿವಿಗೆ ಬಿದ್ದದ್ದು ಅಕ್ಕಿ ಬಂದಿದೆ ಎಂದಷ್ಟೇ. ರಾಗಿಯ ಸೀಮೆಯಿಂದ ಬಂದವಳು, ಬಾಣಂತಿಗೆ ಅನ್ನ ಮಾಡಲು ಅಕ್ಕಿ ಸಾಲದೆ ಪರದಾಡುತ್ತಿದ್ದಳು. "ಬಂದೈತಾ? ರೇಷನ್ ಡಿಪೋದಾಗಾ?" ಎಂದವಳೇ ಚೀಲ ಎಳೆದುಕೊಂಡು ಓಡಿದಳು. ನಾವಿಬ್ಬರೂ ಕರೆಯುವಷ್ಟರಲ್ಲಿ ಬೀದಿ ದಾಟಿದ್ದಳು.

ಬರಿ ಚೀಲ ಹಿಡಿದು ವಾಪಸಾದಾಗ ಅವಳ ಮುಖ ಕೆಂಪಾಗಿತ್ತು. "ಬಾಗ್ಲೇ ತೆಗ್ದಿಲ್ಲ ಕಣಮ್ಮ. ಯಾಕಿಂಗೆ ಸುಳ್ಳೇಳ್ತೀಯಾ?"

ಪಕ್ಕದ ಮನೆಯ ಅಕ್ಕ ನಕ್ಕು ನಕ್ಕು ಗೋಡೆಗೆ ಒರಗಿದಳು. "ಅಮ್ಮಾ, ನಮ್ ತಮಿಳ್‌ನಲ್ಲಿ ನಿಮ್ ಅಕ್ಕಿಗೆ ಅರಿಸಿ ಅಂತೀವಿ. ಅಕ್ಕಿ ಅಂದ್ರೆ ಈ ಗುಳ್ಳೆ." ಅದರ ಮೇಲೆ ಕುಂಬಾರರು ಕಾವಿಮಣ್ಣಿನಲ್ಲಿ ಚಿತ್ರ ಬರೆದರೆ ಇಳಿಯುತ್ತದೆಂದೂ, ಬಂಗಾರಪೇಟೆಯಲ್ಲಿ ಅಂಥ ಒಬ್ಬರಿದ್ದಾರೆಂದೂ ಹೇಳಿದಳು. ನನಗೆ ನಗು ತಡೆಯಲಾಗಲಿಲ್ಲ. ನಕ್ಕರೆ ತುಟಿ ಬಿರಿದು ಕಣ್ಣಲ್ಲಿ ನೀರು ಬಂತು.

ಅವರನ್ನು ಕರೆತರಲು ಬಂಗಾರಪೇಟೆಗೆ ಯಾರು ಹೋಗುವುದು ಎಂಬ ಚರ್ಚೆ ನಡೆದಿರುವಾಗಲೇ, ಬಾಣಂತಿಯರನ್ನು ನೋಡಲು ಲೈನಿಗೆ ಬರುತ್ತಿದ್ದ ಆಸ್ಪತ್ರೆಯ ನರ್ಸಮ್ಮ ಒಳಗೆ ಬಂದರು. ನಾನು ಮಗುವಿನ ಕೆನ್ನೆಗೆ ಬಾಗುತ್ತಿದ್ದೆ.

"ನಿಲ್ಲು! ಮುತ್ತು ಕೊಡಬೇಡ."

ಕುಂಬಾರನ ಮಾತು ಅಲ್ಲಿಗೇ ನಿಂತಿತು. ನರ್ಸಮ್ಮ ನನ್ನ ತುಟಿಯನ್ನು ಬೆಳಕಿಗೆ ತಿರುಗಿಸಿ ನೋಡಿದರು. "ದೊಡ್ಡವರಿಗೆ ಇದು ಬರೀ ಉರಿ, ತಾನಾಗಿ ಒಣಗುತ್ತೆ. ಹಸುಗೂಸಿಗೆ ಅಂಟಿದರೆ ಜೀವಕ್ಕೇ ಕುತ್ತು," ಎಂದರು. ಹಾಲು ಕುಡಿಸಬಹುದು, ಎದೆಯ ಮೇಲೆ ಗುಳ್ಳೆ ಇಲ್ಲದಿದ್ದರೆ ಸಾಕು. ಆದರೆ ಬಾಯಿಗೆ ಒಗೆದ ಬಟ್ಟೆ ಕಟ್ಟಬೇಕು, ಮಗುವನ್ನು ಮುಟ್ಟುವ ಮುಂಚೆ ಸೋಪಿನಲ್ಲಿ ಕೈ ತೊಳೆಯಬೇಕು. ನನ್ನ ಲೋಟ, ಟವಲು ಬೇರೆ. ಗುಳ್ಳೆ ಚುಚ್ಚಬಾರದು, ಸುಣ್ಣ ಹಚ್ಚಬಾರದು. ಹಕ್ಕಳೆ ಪೂರ್ತಿ ಉದುರುವವರೆಗೆ ಮುತ್ತಿಲ್ಲ. ಮಗುವಿಗೆ ಮೈ ಬಿಸಿಯಾದರೆ, ಹಾಲು ಬಿಟ್ಟರೆ, ಹೊತ್ತು ನೋಡದೆ ಆಸ್ಪತ್ರೆಗೆ ತರಬೇಕು. "ಇದು ಒಳಗೇ ಇದ್ದು ಆಗಾಗ ಎದ್ದು ಬರುತ್ತೆ. ಚಿಕ್ಕವಳಿದ್ದಾಗ ಯಾರದೋ ಮುತ್ತಿನಲ್ಲಿ ಬಂದಿರುತ್ತೆ," ಎಂದು ಹೇಳಿ ಹೊರಟರು.

ಅವರು ಹೋದ ಮೇಲೆ ಅಮ್ಮ ಮಗುವಿನ ಬಟ್ಟೆಗಳನ್ನು ಗಂಟು ಕಟ್ಟತೊಡಗಿದಳು.

"ಏನ್ ಮಾಡ್ತಿದ್ದೀಯಾ?"

"ಊರಿಗೆ ಎತ್ಕೊಂಡ್ ಓಗ್ತೀನಿ. ಅಸುವಿನ ಆಲು ಕುಡಿಸ್ತೀನಿ. ನಿಂಗೆ ವಾಸಿಯಾದ್ಮೇಲೆ ತತ್ತೀನಿ."

ನನಗೆ ಎಲ್ಲಿತ್ತೋ ಸಿಟ್ಟು. ಗಂಟು ಕಿತ್ತುಕೊಂಡು ಮೂಲೆಗೆ ಎಸೆದೆ. "ಹಾಲು ಕೊಡ್ಬೋದು ಅಂತ ಅವ್ರೇ ಹೇಳವ್ರೆ. ಮಗೂನ ಮುಟ್ಟಿದ್ರೆ ನೋಡು!" ಎಂದು ಕೂಗಿದೆ. ಕೂಗಿದ ಮೇಲೆ ನೋಡಿದರೆ ಅಮ್ಮ ಅಳುತ್ತಿದ್ದಳು.

"ನಿಂಗೆ ಇದು ನಾನೇ ಕೊಟ್ಟಿರೋದು ಕಣೇ. ನಿನ್ನ ಕೂಸಿಗೂ ಬಂದ್ರೆ ನಾನೇನ್ ಮಾಡ್ಲಿ?"

ನನ್ನ ಸಿಟ್ಟು ಸರ್ರನೆ ಇಳಿದುಹೋಯಿತು. ತಾನು ಕೊಟ್ಟ ಮುತ್ತುಗಳನ್ನೆಲ್ಲ ಅವಳು ಲೆಕ್ಕ ಹಾಕುತ್ತಿದ್ದಳೆಂದು ತಿಳಿಯಿತು. "ನಿಂಗೆ ಗೊತ್ತಿರ್ಲಿಲ್ಲ. ನಮಗೆ ಗೊತ್ತಾಗೈತಲ್ಲ, ಕಾಯೋಣ," ಎಂದೆ. ಪಕ್ಕದ ಮನೆಯ ಅಕ್ಕ ಗಂಟು ಬಿಚ್ಚಿ ಬಟ್ಟೆಗಳನ್ನು ಮತ್ತೆ ಮಡಿಸಿಟ್ಟಳು.

ಆಮೇಲೆ ಅಮ್ಮನ ಕಾವಲು ಶುರುವಾಯಿತು. ತನ್ನ ಹಳೆಯ ಸೀರೆ ಹರಿದು ಪಟ್ಟಿ ಮಾಡಿ, ದಿನವೂ ನೀರಲ್ಲಿ ಕುದಿಸಿ ಒಣಗಿಸಿದಳು. ಹಾಲೂಡಿಸುವ ಮುಂಚೆ ನನ್ನ ಬಾಯಿಗೆ ತಾನೇ ಕಟ್ಟುತ್ತಿದ್ದಳು. ಮಗು ನೋಡಲು ಬಂದವರನ್ನು ಬಾಗಿಲಲ್ಲೇ ತಡೆದು, ಅವರ ತುಟಿ ನೋಡಿ ಒಳಗೆ ಬಿಡುತ್ತಿದ್ದಳು. ಪಾಳಿ ಮುಗಿಸಿ ಬಂದ ಅಳಿಯನನ್ನೂ ಬಿಡಲಿಲ್ಲ. ಅವರು ದೀಪದ ಹತ್ತಿರ ಮುಖ ತೋರಿಸಿ, ಕೈ ತೊಳೆದು ಬರುತ್ತಿದ್ದರು. ನಾನು ಮಗುವಿನ ಮೈ ಮುಟ್ಟಿ ಮುಟ್ಟಿ ಬಿಸಿಯಿದೆಯೇ ಎಂದು ನೋಡುತ್ತಿದ್ದೆ. ಅವಳು ಹೊಟ್ಟೆತುಂಬ ಕುಡಿದು ನಿದ್ದೆ ಮಾಡುತ್ತಿದ್ದಳು.

ಗುಳ್ಳೆ ಒಡೆದು, ಒಣಗಿ, ಹಕ್ಕಳೆ ಉದುರಿತು. ನರ್ಸಮ್ಮ ನೋಡಿ ಇನ್ನು ಭಯವಿಲ್ಲ ಎಂದರು. ನಾನು ಬಟ್ಟೆ ಬಿಚ್ಚಿ ಮಗಳನ್ನು ಮುಖದ ಹತ್ತಿರ ಎತ್ತಿಕೊಂಡೆ. ಅಷ್ಟು ದಿನ ಬರೀ ನನ್ನ ಕಣ್ಣು ಹಣೆ ನೋಡಿದವಳು, ಇದ್ದಕ್ಕಿದ್ದಂತೆ ಬಾಯಿ, ಗಲ್ಲ ಕಂಡು ಬೆದರಿ ಜೋರಾಗಿ ಅತ್ತಳು. ನಾನು ಮತ್ತೆ ಕಟ್ಟಿಕೊಳ್ಳಲು ಪಟ್ಟಿಗೆ ಕೈ ಹಾಕಿದೆ.

ಅಮ್ಮ ಅದನ್ನು ಕಿತ್ತುಕೊಂಡಳು. "ಅಳ್ಲಿ ಬಿಡೇ. ಅಮ್ಮನ ಮುಖ ಕಲ್ತ್ಕೊಳ್ಲಿ."

ನಾನು ಬಾಗಿ ಮುತ್ತು ಕೊಟ್ಟೆ. ಅವಳು ಇನ್ನೂ ಜೋರಾಗಿ ಅತ್ತಳು.