ಸರೋಜತ್ತೆ ಖಾಲಿ ಮಾಡಿದ ಮನೆ

ಹಿರಿಯೂರು ದಾಟಿದ ಮೇಲೆ ಹೆದ್ದಾರಿ ಪಕ್ಕದ ಹೋಟೆಲೊಂದರಲ್ಲಿ ಕಾಫಿಗೆ ನಿಂತಿದ್ದೆವು. ಪಕ್ಕದ ಮೇಜಿಗೆ ಆಮ್ಲೆಟ್ ಬಂತು. ಈರುಳ್ಳಿ, ಹಸಿಮೆಣಸಿನಕಾಯಿಯ ಜೊತೆ ಬೆಂದ ಮೊಟ್ಟೆಯ ವಾಸನೆ ಮೂಗಿಗೆ ಬಡಿದದ್ದೇ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ನಿವೃತ್ತರಾದ ಮೇಲೆ ನಾನೂ ನಮ್ಮ ಯಜಮಾನರೂ ಕಾರು ತೆಗೆದುಕೊಂಡು ಹೊರಟು, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ ಎಂದು ಹನ್ನೆರಡು ದಿನ ಹಳೆಯ ಸ್ನೇಹಿತರ ಮನೆಗಳನ್ನು ಸುತ್ತಿ ಬಸವೇಶ್ವರನಗರಕ್ಕೆ ಹಿಂದಿರುಗುತ್ತಿದ್ದೆವು. "ಅಷ್ಟು ದೂರದಿಂದ ನೆನಪಿಟ್ಟುಕೊಂಡು ಬಂದಿರಲ್ಲ" ಎಂದು ಹೋದಲ್ಲೆಲ್ಲ ಹೊಗಳಿದ್ದರು. ಕೇಳಿದಾಗಲೆಲ್ಲ ನನಗೆ ಒಳಗೇ ಚುಚ್ಚುತ್ತಿತ್ತು. ನನ್ನ ಮೊದಲ ಗೆಳತಿ ಗಿರಿಜಾ ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ಬ್ಯಾಡರಹಳ್ಳಿಯಲ್ಲಿದ್ದಳು. ಒಂಬತ್ತು ವರ್ಷದಿಂದ ವಿಳಾಸ ಗೊತ್ತಿದ್ದೂ ನಾನು ಅತ್ತ ತಲೆ ಹಾಕಿರಲಿಲ್ಲ.

ರಾಜಾಜಿನಗರದ ನಮ್ಮ ಹಳೆಯ ಮನೆಯನ್ನು ಈಗ ಹುಡುಕಿದರೂ ಸಿಗುವುದಿಲ್ಲ. ಅಲ್ಲಿ ನಾಲ್ಕು ಅಂತಸ್ತು ಎದ್ದಿದೆ. ಆಗ ಮುಂದೆ ಕೆಂಪು ಗಾರೆಯ ಜಗಲಿ, ಹಿಂದೆ ಬಾಡಿಗೆಗೆ ಕೊಟ್ಟ ಎರಡು ಕೋಣೆಯ ಪೋರ್ಷನ್, ನಡುವೆ ಇಬ್ಬರಿಗೂ ಸೇರಿದ ಒಗೆಯುವ ಕಲ್ಲು. ಮಧ್ಯಾಹ್ನ ತಂತಿಯ ಮೇಲಿನ ಬಟ್ಟೆಗಳಿಂದ ಬಿಸಿಲಿನ ವಾಸನೆ ಬರುತ್ತಿತ್ತು. ಸಂಜೆ ಕಾರ್ಖಾನೆಯ ಸೈರನ್ ಕೂಗಿದರೆ ಬಾಡಿಗೆಮನೆಯ ಗಿರಿಜಾಳ ಅಪ್ಪ ಸೈಕಲ್ಲಿನಲ್ಲಿ ಬರುವ ಹೊತ್ತಾಯಿತೆಂದು ಲೆಕ್ಕ. ನನ್ನ ಅಮ್ಮ ಕೆಲಸಕ್ಕೆ ಬೇಗ ಹೊರಡುತ್ತಿದ್ದರಿಂದ ನನಗೂ ಜಡೆ ಹಾಕುತ್ತಿದ್ದವರು ಗಿರಿಜಾಳ ತಾಯಿ ಸರೋಜತ್ತೆಯೇ. ಸಿಕ್ಕು ಬಿಡಿಸುವಾಗ ನೋಯದಿರಲೆಂದು ಕೂದಲ ಬುಡವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು.

ಮನೆಯಲ್ಲಿ ಅಜ್ಜಿಯದೇ ಆಡಳಿತ. ಮಾಂಸ, ಮೊಟ್ಟೆ ಒಳಗೆ ತರಕೂಡದೆಂದು ಹೇಳಿಯೇ ಮನೆ ಕೊಟ್ಟಿದ್ದರು. ನಾವು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಗಿರಿಜಾಗೆ ಟೈಫಾಯ್ಡ್ ಬಂದು ಮೂಳೆ ಚರ್ಮವಾದಳು. ದಿನಕ್ಕೊಂದು ಮೊಟ್ಟೆ ಕೊಡಿ ಎಂದರು ಡಾಕ್ಟರು. ಅಜ್ಜಿ ಮಲಗಿದ ಹೊತ್ತು ನೋಡಿ ಸರೋಜತ್ತೆ ಬಾಗಿಲು ಹಾಕಿಕೊಂಡು ಆಮ್ಲೆಟ್ ಮಾಡುತ್ತಿದ್ದರು. ವಾಸನೆ ಹಿಡಿದು ಒಂದು ದಿನ ನಾನು ಬಾಗಿಲು ಬಡಿದೆ, ನನಗೂ ಬೇಕೆಂದು ಹಟ ಮಾಡಿದೆ. "ನಿಮ್ಮನೇಲಿ ಇದೆಲ್ಲ ತಿನ್ನಲ್ಲ ಕಣಮ್ಮ" ಎಂದು ಅವರು ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಗಿರಿಜಾಳೇ ತನ್ನ ತಟ್ಟೆಯಿಂದ ಅರ್ಧ ಮುರಿದು ಕೊಟ್ಟಳು. ಎರಡೇ ತುತ್ತಿಗೆ ಮುಗಿಸಿದೆ. ಆದರೆ ಎದ್ದ ಅಜ್ಜಿಗೆ ನನ್ನ ಬಾಯಿಯ ವಾಸನೆ ತಿಳಿದುಹೋಯಿತು. "ಯಾರೇ ಕೊಟ್ಟಿದ್ದು?" ಎಂದು ಹೊಡೆಯಲು ಕೈ ಎತ್ತಿದರು. "ಸರೋಜತ್ತೆ. ಬೇಡ ಅಂದ್ರೂ ಬಲವಂತವಾಗಿ ತಿನ್ಸಿದ್ರು" ಎಂದುಬಿಟ್ಟೆ. ಅವರನ್ನು ಕರೆಸಿದರು. ಸರೋಜತ್ತೆ ಹೊಸ್ತಿಲಾಚೆ ನಿಂತು ಒಂದು ಸಲ ನನ್ನ ಮುಖ ನೋಡಿದರು. ನಾನು ನೆಲ ನೋಡುತ್ತಿದ್ದೆ. "ಹೌದಮ್ಮ, ನಂದೇ ತಪ್ಪು. ಮಗೂನ ಹೊಡೀಬೇಡಿ" ಎಂದರು. ಎಂಟು ದಿನದಲ್ಲಿ ಅವರ ಸಾಮಾನು ಗಾಡಿ ಹತ್ತಿತು. ಇನ್ನೂ ನಿಶ್ಶಕ್ತಳಾಗಿದ್ದ ಗಿರಿಜಾ ಮೂಟೆಗಳ ನಡುವೆ ಕೂತು ಕೈ ಬೀಸಿದಳು. ನಾನು ಒಳಗೆ ಓಡಿಹೋದೆ.

ಇದನ್ನೆಲ್ಲ ಯಜಮಾನರಿಗೆ ಮೊದಲ ಸಲ ಹೇಳಿದ್ದು ಆ ಹೋಟೆಲಿನಲ್ಲೇ. ಅವರು, "ಹಾಗಾದ್ರೆ ಅವರ ಮನೆಗೆ ಹೋಗೇ ನಮ್ಮನೆಗೆ ಹೋಗೋಣ" ಎಂದರು. ಬ್ಯಾಡರಹಳ್ಳಿಯಲ್ಲಿ ಬಾಗಿಲು ತೆಗೆದ ಗಿರಿಜಾಳ ತಲೆ ಪೂರ್ತಿ ನರೆತಿತ್ತು. ಹೆಸರು ಹೇಳಿದೊಡನೆ, "ಅಯ್ಯೋ ವಿಮಲಾ, ನೀನೇನೇ!" ಎಂದು ಎರಡೂ ಕೈ ಹಿಡಿದುಕೊಂಡಳು. ನಮ್ಮನ್ನು ಕೂರಿಸಿ ಆ ಮನೆಯ ಬಗ್ಗೆ ಮಾತಾಡಿದ್ದೇ ಮಾತಾಡಿದ್ದು. ಕೊನೆಗೆ ದನಿ ತಗ್ಗಿಸಿ, "ನನ್ನಿಂದ್ಲೇ ಆ ಮನೆ ಹೋಯ್ತು ಕಣೇ. ಅಮ್ಮ ಬೇಡ ಅಂತಿದ್ರೂ ನಾನೇ ಅಲ್ವಾ ಮುರಿದು ಕೊಟ್ಟಿದ್ದು? ಹೊಸ ಮನೆಯಿಂದ ಕಾರ್ಖಾನೆಗೆ ಅಪ್ಪ ಅಷ್ಟು ದೂರ ಸೈಕಲ್ ತುಳಿಯೋದು ನೋಡ್ದಾಗೆಲ್ಲ ಅಳ್ತಿದ್ದೆ. ಅಮ್ಮ ಮಾತ್ರ, ನಿಂದಲ್ಲ ತಪ್ಪು, ಬಿಡು ಅಂತಿದ್ರು. ಮತ್ತೆ ಯಾರ್ದು ಅಂದ್ರೆ ಬಾಯಿ ಬಿಡ್ತಿರ್ಲಿಲ್ಲ" ಎಂದಳು.

ನಾನು ಅಜ್ಜಿಗೆ ಹೇಳಿದ್ದ ಮಾತನ್ನು ಹೇಳಿದೆ. ಒಂದಕ್ಷರ ಬಿಡದೆ ಹೇಳಿದೆ.

ಗಿರಿಜಾ ತನ್ನ ಕೈಗಳನ್ನು ನೋಡಿಕೊಂಡಳು. "ನಾನು ಇಲ್ಲಿರೋದು ಯಾವಾಗ ಗೊತ್ತಾಯ್ತು ನಿಂಗೆ?" ಎಂದು ಕೇಳಿದಳು.

"ಒಂಬತ್ತು ವರ್ಷ ಆಯ್ತು."

"ಅಮ್ಮ ಹೋಗಿ ಮೂರು ವರ್ಷ ಕಣೇ. ಇಲ್ಲೇ, ಈ ಕೋಣೇಲೇ ಇದ್ರು."

ಕ್ಷಮಿಸು ಎಂಬ ಮಾತು ಬಾಯಿಗೆ ಬಂದರೂ, ಅದನ್ನು ಕೇಳಿಸಿಕೊಳ್ಳಬೇಕಾದವರು ಅವಳಲ್ಲ, ಸರೋಜತ್ತೆ ಎಂದು ನುಂಗಿಕೊಂಡೆ. ಅವಳು ಎದ್ದು, ಮನೆಗೆ ಬಂದ ಹೆಂಗಸಿಗೆ ಕೊಡುವಂತೆ ಕುಂಕುಮ ಕೊಟ್ಟಳು. ಗೇಟಿನವರೆಗೆ ಬಂದಳು. ಆ ಹಳೆಯ ಮನೆಯಲ್ಲಿ ಬಾಳಿದವರಲ್ಲಿ ಈಗ ಉಳಿದಿರುವವರು ನಾವಿಬ್ಬರೇ. ಯಜಮಾನರು ಕಾರು ಹೊರಡಿಸುವಾಗ ಕಿಟಕಿಯತ್ತ ಬಗ್ಗಿ, "ಹುಷಾರಾಗಿ ಹೋಗಿ" ಎಂದಳು. ನಾನು ಗಾಜು ಏರಿಸದೆ ಕಾದೆ. ಅವಳು ಹೋಗಿ ಬನ್ನಿ ಎನ್ನಲಿಲ್ಲ.